ಸಮಾಂತರ ಬಾಹು ಜಾಸ್ತಿ ಇದ್ದರೆ ಸಮಮಿತಿ ರೇಖೆಯೂ ಜಾಸ್ತಿಯಾ? ಮನೆಯಲ್ಲಿ ಜಗಳ, ಯಾರಾದರೂ ಬಿಡಿಸಿ

ತುಮಕೂರಿನ_ಅಮ್ಮ:
ಮಗಳು ಆರನೇ ಕ್ಲಾಸು. ಶಾಲೆಯಲ್ಲಿ ಒಂದು ಪಟ್ಟಿ ಮಾಡಿಕೊಂಡು ಬರಲು ಹೇಳಿದ್ದಾರೆ. ಮೊದಲ ಕಾಲಂನಲ್ಲಿ ಆಕೃತಿ, ಎರಡನೆಯದರಲ್ಲಿ ಎಷ್ಟು ಜೊತೆ ಸಮಾಂತರ ಬಾಹು, ಮೂರನೆಯದರಲ್ಲಿ ಎಷ್ಟು ಸಮಮಿತಿ ರೇಖೆ. ಚೌಕಕ್ಕೆ 2 ಜೊತೆ, 4 ರೇಖೆ. ಅಲ್ಲಿಯವರೆಗೆ ಮನೆ ಶಾಂತವಾಗಿತ್ತು. ಆಯತಕ್ಕೆ ಮಗಳು 2 ರೇಖೆ ಎಂದಳು, ಅವರಪ್ಪ 4 ಎಂದರು. ಸಮಾಂತರ ಚತುರ್ಭುಜಕ್ಕೆ ಮಗಳು 0, ಅವರಪ್ಪ 2. ಅವರು ಎಂಜಿನಿಯರು, ಅದನ್ನು ಮರೆಯಲು ಯಾರನ್ನೂ ಬಿಡುವುದಿಲ್ಲ. "ಕರ್ಣ ಎಳೆದರೆ ಸರಿಯಾಗಿ ಎರಡು ಪಾಲು ಆಗುತ್ತದೆ, ಇನ್ನೇನು ಬೇಕು?" ಅನ್ನುವುದು ಅವರ ವಾದ. ಟ್ಯೂಷನ್ ಮೇಡಂ ಕೂಡ ಅದನ್ನೇ ಹೇಳಿದ್ದಾರಂತೆ. ಹಾಗಾಗಿ ಈಗ ಒಬ್ಬಳ ಮೇಲೆ ಇಬ್ಬರು.

ನನ್ನದು ಎರಡು ಪ್ರಶ್ನೆ. ಒಂದು, ಯಾರು ಸರಿ? ಎರಡು, ಆ ಎರಡು ಕಾಲಂಗಳ ನಡುವೆ ಏನಾದರೂ ಸಂಬಂಧ ಇದೆಯಾ? ಸಮಾಂತರ ಬಾಹು ಜಾಸ್ತಿ ಆದಂತೆ ಸಮಮಿತಿಯೂ ಜಾಸ್ತಿ ಆಗಬೇಕು ಅಂತ ನನಗೆ ಅನಿಸಿತ್ತು. ಪಟ್ಟಿ ನೋಡಿದರೆ ಹಾಗೆ ಕಾಣುತ್ತಿಲ್ಲ.

ಸುಮ್ನೆ_ಬಂದೆ:
ಮಗಳು ಸರಿ. ಅವರಪ್ಪ ತಪ್ಪು. ಪಾಯಸ ಮಾಡಿ.

ಹಾವೇರಿ_ಮೇಷ್ಟ್ರು:
ಮಗಳು ಎರಡೂ ಕಡೆ ಸರಿ ಬರೆದಿದ್ದಾಳೆ. ವಾದ ಬೇಡ ಮೇಡಂ, ಒಂದು ಎ4 ಹಾಳೆ ಕೊಡಿ ಅವರ ಕೈಗೆ. 210 ಮಿಲಿಮೀಟರ್ ಅಗಲ, 297 ಉದ್ದ, ಪಕ್ಕಾ ಆಯತ. ಒಂದು ಮೂಲೆಯಿಂದ ಎದುರು ಮೂಲೆಗೆ, ಅಂದರೆ ಕರ್ಣದ ಮೇಲೆ ಮಡಿಸಲು ಹೇಳಿ. ಮೇಲಿನ ಪದರ ಕೆಳಗಿನ ಪದರದ ಮೇಲೆ ಕೂಡುವುದೇ ಇಲ್ಲ. ಎರಡು ಮೂಲೆಗಳು ಆಚೆ ಈಚೆ ಚಾಚಿಕೊಂಡು ನಿಲ್ಲುತ್ತವೆ, ಮಧ್ಯೆ ಒಂದು ಕಚ್ಚು ಬೀಳುತ್ತದೆ. ಸಮಮಿತಿ ರೇಖೆ ಅಂದರೆ ಮಡಿಸಿದಾಗ ಒಂದು ಅರ್ಧ ಇನ್ನೊಂದರ ಮೇಲೆ ಕೂದಲೆಳೆಯಷ್ಟೂ ಆಚೀಚೆ ಆಗದೆ ಕೂಡಬೇಕು. ಎರಡು ಪಾಲು ಆದರೆ ಸಾಲದು.

ಆಯತದಲ್ಲಿ ಎದುರು ಬದುರು ಬಾಹುಗಳ ಮಧ್ಯಬಿಂದು ಸೇರಿಸುವ ಎರಡು ಗೆರೆ ಮಾತ್ರ ಕೂಡುತ್ತವೆ. ವಜ್ರಾಕೃತಿಯಲ್ಲಿ, ಅಂದರೆ ನಾಲ್ಕೂ ಬಾಹು ಸಮ ಇರುವ ಚತುರ್ಭುಜದಲ್ಲಿ ಉಲ್ಟಾ, ಅಲ್ಲಿ ಕರ್ಣಗಳೇ ಕೂಡುತ್ತವೆ, ಮಧ್ಯದ ಗೆರೆಗಳು ಕೂಡುವುದಿಲ್ಲ. ಚೌಕ ಆಯತವೂ ಹೌದು, ವಜ್ರಾಕೃತಿಯೂ ಹೌದು. ಅದಕ್ಕೇ 2 ಮತ್ತು 2, ಒಟ್ಟು 4. ಸಾಧಾರಣ ಸಮಾಂತರ ಚತುರ್ಭುಜ ಎರಡೂ ಅಲ್ಲ. ಅದಕ್ಕೆ ಸೊನ್ನೆ.

ಅಪ್ಪನ_ಪರ_ವಕೀಲ:
ತಾಳಿ ಮೇಷ್ಟ್ರೇ. ನೀವೇ ಹೈಸ್ಕೂಲಿನಲ್ಲಿ ಬೋರ್ಡ್ ಮೇಲೆ ಬರೆಸಿದ ಪ್ರಮೇಯ ಇದೆಯಲ್ಲ, ಕರ್ಣವು ಸಮಾಂತರ ಚತುರ್ಭುಜವನ್ನು ಎರಡು ಸರ್ವಸಮ ತ್ರಿಭುಜಗಳಾಗಿ ಭಾಗಿಸುತ್ತದೆ ಅಂತ. ಸರ್ವಸಮ ಅಂದರೆ ಒಂದರ ಮೇಲೆ ಒಂದು ಇಟ್ಟರೆ ಕೂಡುತ್ತವೆ ಅಂತಲೇ ಅರ್ಥ. ಈಗ ಕೂಡುವುದಿಲ್ಲ ಅನ್ನುತ್ತೀರಿ. ಒಂದೋ ಆಗ ಸುಳ್ಳು, ಇಲ್ಲ ಈಗ ಸುಳ್ಳು.

ಹಾವೇರಿ_ಮೇಷ್ಟ್ರು:
ಎರಡೂ ನಿಜ. ಕತ್ತರಿಸಿ ಕೈಯಲ್ಲಿ ಹಿಡಿದು ತಿರುಗಿಸಿ ಇಟ್ಟರೆ ಕೂಡುತ್ತವೆ. ಮಡಿಸಿದರೆ ಕೂಡುವುದಿಲ್ಲ. ತಿರುಗಿಸುವುದು ಬೇರೆ, ಮಗುಚುವುದು ಬೇರೆ. ಕರ್ಣದ ಆಚೆ ಇರುವ ಮೂಲೆಯಿಂದ ಕರ್ಣಕ್ಕೆ ನೇರವಾಗಿ, 90 ಡಿಗ್ರಿಯಲ್ಲಿ ಒಂದು ಗೆರೆ ಎಳೆದು ಅಷ್ಟೇ ದೂರ ಈಚೆಗೆ ಮುಂದುವರಿಸಿ ನೋಡಿ. ಕನ್ನಡಿಯ ಪ್ರತಿಬಿಂಬ ಬೀಳುವ ಜಾಗ ಅದು. ಅಲ್ಲಿ ನಿಮ್ಮ ನಾಲ್ಕನೇ ಮೂಲೆ ಇರುವುದಿಲ್ಲ. ವಜ್ರಾಕೃತಿಯಲ್ಲಿ ಇರುತ್ತದೆ, ಯಾಕೆಂದರೆ ಅದರ ಕರ್ಣಗಳು ಒಂದಕ್ಕೊಂದು ಲಂಬ.

ಗಡಿಬಿಡಿ_ಗೌಡ್ತಿ:
ಇಷ್ಟೆಲ್ಲ ಯಾಕೆ. ಮದುವೆ ಛತ್ರದ ಬಾಗಿಲಲ್ಲಿ ಚಪ್ಪಲಿ ಅದಲುಬದಲಾಗಿ ಎರಡೂ ಎಡಗಾಲಿನದೇ ಮನೆಗೆ ಬಂದಿದ್ದರೆ ಗೊತ್ತಾಗುತ್ತದೆ. ಎರಡೂ ಒಂದೇ ಸೈಜು, ಒಂದೇ ಆಕಾರ, ಪೂರ್ತಿ ಸರ್ವಸಮ. ಹಾಕಿಕೊಂಡು ನಡೆಯಿರಿ ನೋಡೋಣ. ಸಮಾಂತರ ಚತುರ್ಭುಜ ಕತ್ತರಿಸಿದರೆ ಸಿಗುವುದು ಎರಡು ಎಡಗಾಲು. ವಜ್ರಾಕೃತಿ ಕತ್ತರಿಸಿದರೆ ಒಂದು ಜೋಡಿ.

ಸುಮ್ನೆ_ಬಂದೆ:
ಗೌಡ್ತಿ ಮೇಡಂಗೆ ಒಂದು ಪಿಎಚ್‌ಡಿ ಕೊಡಿ ಯಾರಾದರೂ.

ಅಪ್ಪನ_ಪರ_ವಕೀಲ:
ಚಪ್ಪಲಿ ವಾದಕ್ಕೆ ನನ್ನ ಬಳಿ ಉತ್ತರ ಇಲ್ಲ. ಆದರೆ ಸಮಾಂತರ ಚತುರ್ಭುಜ ನೋಡಿದರೆ ಏನೋ ಒಂದು ಸಮತೋಲ ಇದೆ ಅಂತ ಕಣ್ಣಿಗೆ ಅನಿಸುತ್ತದಲ್ಲ. ಸೊನ್ನೆ ಅಂದರೆ ಅದಕ್ಕೆ ಅನ್ಯಾಯ ಅಲ್ವಾ?

ಕಡಲೂರ_ಲೆಕ್ಕಿಗ:
ಕಣ್ಣಿಗೆ ಅನಿಸುವುದು ಸುಳ್ಳಲ್ಲ. ಅದಕ್ಕೆ ಕನ್ನಡಿ ಸಮಮಿತಿ ಇಲ್ಲ, ತಿರುಗುವ ಸಮಮಿತಿ ಇದೆ. ಕರ್ಣಗಳು ಸಂಧಿಸುವ ಜಾಗದಲ್ಲಿ ಒಂದು ಗುಂಡುಸೂಜಿ ಚುಚ್ಚಿ ಅರ್ಧ ಸುತ್ತು, ಅಂದರೆ 180 ಡಿಗ್ರಿ ತಿರುಗಿಸಿದರೆ ಮೊದಲು ಹೇಗಿತ್ತೋ ಹಾಗೇ ಕೂರುತ್ತದೆ. ಶಾಲೆಯ ಪಟ್ಟಿಯಲ್ಲಿ ಈ ಕಾಲಂ ಇಲ್ಲದಿರುವುದೇ ಜಗಳಕ್ಕೆ ಮೂಲ. ಇಂಗ್ಲಿಷಿನ ಎನ್ ಅಕ್ಷರ ನೋಡಿ, ದೊಡ್ಡಕ್ಷರ. ಎರಡು ಕಂಬ ಸಮಾಂತರ. ಕನ್ನಡಿ ಗೆರೆ ಒಂದೂ ಇಲ್ಲ. ಆದರೆ ತಲೆಕೆಳಗು ಮಾಡಿದರೂ ಎನ್. ಝಡ್ ಕೂಡ ಹಾಗೇ. ಎಚ್‌ಗೆ ಎರಡು ಕನ್ನಡಿ ಗೆರೆ ಇವೆ. ಎ ಅಕ್ಷರದಲ್ಲಿ ಒಂದಕ್ಕೊಂದು ಸಮಾಂತರವಾದ ಗೆರೆಯೇ ಇಲ್ಲ, ಆದರೂ ಒಂದು ಕನ್ನಡಿ ಗೆರೆ ಇದೆ. ಸಮಾಂತರಕ್ಕೂ ಕನ್ನಡಿಗೂ ನೆಂಟಸ್ತನ ಇಲ್ಲ ಅನ್ನುವುದು ಇಷ್ಟರಲ್ಲೇ ಗೊತ್ತಾಗುತ್ತದೆ.

ಒತ್ತಕ್ಷರ:
ಕನ್ನಡ ಅಕ್ಷರಗಳಲ್ಲಿ ಯಾವುದಕ್ಕೆ ಸಮಮಿತಿ ಇದೆ? ಠ ಅಂತ ಹೇಳೋಣ ಅಂದುಕೊಂಡೆ, ತಲೆಯ ಮೇಲಿನ ಗೆರೆ ಕೆಡಿಸಿತು.

ಸುಮ್ನೆ_ಬಂದೆ:
ಠ_ಠ

ಕಡಲೂರ_ಲೆಕ್ಕಿಗ:
ತಲೆಕಟ್ಟು ಇರುವ ಯಾವ ಅಕ್ಷರಕ್ಕೂ ಕಷ್ಟ. ಅದು ಯಾವಾಗಲೂ ಬಲಕ್ಕೆ ಎಳೆಯುತ್ತದೆ. ನಮ್ಮ ೦ ಒಂದೇ ಗತಿ, ದುಂಡಗೆ ಬರೆದರೆ ಎಣಿಸಲಾಗದಷ್ಟು ರೇಖೆ.

ಮೂಲೆಮಟ್ಟ:
ನಾನು ಮನೆ ಕಟ್ಟಿಸುವ ಕೆಲಸದವನು. ಸೈಟಿನಲ್ಲಿ ಈ ಜಗಳ ದಿನಾ ನೋಡುತ್ತೇನೆ, ಬೇರೆ ರೂಪದಲ್ಲಿ. 30×40 ಸೈಟು. ಎದುರು ಬದುರು ಬಾಹು ಅಳೆದರೆ 30, 30, 40, 40. ಮಾಲೀಕರು "ಸರಿ ಇದೆ, ಪಾಯ ತೆಗೆಯಿರಿ" ಅನ್ನುತ್ತಾರೆ. ಸರಿ ಇದೆ ಅಂತ ಯಾರು ಹೇಳಿದ್ದು? ನಾಲ್ಕೂ ಬಾಹು ಸರಿ ಇದ್ದು ಇಡೀ ಸೈಟು ಓರೆಯಾಗಿ ವಾಲಿರಬಹುದು. ಅದಕ್ಕೇ ಮೇಸ್ತ್ರಿಗಳು ಮೂಲೆಯಿಂದ ಮೂಲೆಗೆ ಅಡ್ಡ ಟೇಪ್ ಹಿಡಿಯುತ್ತಾರೆ. 30×40ಕ್ಕೆ ಕರ್ಣ ಸರಿಯಾಗಿ 50 ಅಡಿ ಬರಬೇಕು, ಎರಡೂ ಕಡೆಯಿಂದ. ಒಂದು ಕಡೆ 51 ಬಂತು ಅಂದರೆ ಇನ್ನೊಂದು ಕಡೆ ಸುಮಾರು 49 ಬರುತ್ತದೆ. ಆಗ ನಿಮ್ಮ ಹತ್ತಿರ ಇರುವುದು ಆಯತ ಅಲ್ಲ, ಮೇಲಿನವರು ಹೇಳುತ್ತಿರುವ ಆ ಸೊನ್ನೆ ರೇಖೆಯ ಆಕೃತಿ.

ಮಜಾ ಏನೆಂದರೆ ವಿಸ್ತೀರ್ಣ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. 1200 ಚದರ ಅಡಿಯಲ್ಲಿ ಒಂದು ಅಡಿ ಹೋಗಬಹುದು, ಅಷ್ಟೇ. ಆದರೆ 30 ಅಡಿ ಗೋಡೆ ಒಂದೂಕಾಲು ಅಡಿ ವಾಲಿರುತ್ತದೆ. ಟೈಲ್ಸ್ ಹಾಕುವ ದಿನ ಗೊತ್ತಾಗುತ್ತದೆ, ಗೋಡೆಯ ಉದ್ದಕ್ಕೂ ತ್ರಿಕೋನದ ತುಂಡು ಕತ್ತರಿಸಿ ಕತ್ತರಿಸಿ ಸಾಕಾಗುತ್ತದೆ.

ತುಮಕೂರಿನ_ಅಮ್ಮ:
51ಕ್ಕೆ 49 ಹೇಗೆ ಬಂತು? ಅವರು ಪಕ್ಕದಲ್ಲಿ ಕೂತು ಕೇಳುತ್ತಿದ್ದಾರೆ.

ಕಡಲೂರ_ಲೆಕ್ಕಿಗ:
ಸಮಾಂತರ ಚತುರ್ಭುಜದಲ್ಲಿ ಎರಡು ಕರ್ಣಗಳ ವರ್ಗ ಕೂಡಿದರೆ ನಾಲ್ಕು ಬಾಹುಗಳ ವರ್ಗ ಕೂಡಿದಷ್ಟೇ ಬರುತ್ತದೆ. ಇಲ್ಲಿ 900+900+1600+1600, ಅಂದರೆ 5000. 51ರ ವರ್ಗ 2601. ಉಳಿದದ್ದು 2399. ಅದರ ವರ್ಗಮೂಲ 48.98. ಒಂದು ಕರ್ಣ ಉದ್ದ ಆದರೆ ಇನ್ನೊಂದು ಗಿಡ್ಡ ಆಗಲೇಬೇಕು.

ಬಾಡಿಗೆ_ಮನೆ:
ಸೈಟಿನ ಮಾತು ಬಂತಲ್ಲ, ಕ್ರಯಪತ್ರದಲ್ಲಿ (30+32)/2 ಅಂತ ಬರೆದಿರುತ್ತಾರಲ್ಲ, ಅದು ಏನು ಲೆಕ್ಕ? ನಾವು ನೋಡುತ್ತಿರುವ ಸೈಟಿಗೆ ಹಾಗಿದೆ. ಮುಂದೆ 30, ಹಿಂದೆ 32, ಉದ್ದ 40. ಬ್ರೋಕರ್ "ಗೋಮುಖ, ತುಂಬಾ ಒಳ್ಳೆಯದು" ಅಂತ ರೇಟು ಏರಿಸಿದ್ದಾನೆ.

ಮೂಲೆಮಟ್ಟ:
ಮುಂದೆ ಚಿಕ್ಕದು ಹಿಂದೆ ದೊಡ್ಡದು ಇದ್ದರೆ ಗೋಮುಖ, ಉಲ್ಟಾ ಇದ್ದರೆ ವ್ಯಾಘ್ರಮುಖ, ಸಿಂಹಮುಖ ಅಂತಾರೆ. ಗಣಿತದಲ್ಲಿ ಎರಡೂ ತ್ರಾಪಿಜ್ಯ. ಒಂದೇ ಜೊತೆ ಸಮಾಂತರ ಬಾಹು. ಎರಡೂ ಪಕ್ಕದ ಗೋಡೆ ಒಂದೇ ಸಮ ಹೊರಕ್ಕೆ ಹೋಗಿದ್ದರೆ ಮುಂಬಾಗಿಲಿನ ಮಧ್ಯದಿಂದ ಹಿಂದಕ್ಕೆ ಒಂದು ಸಮಮಿತಿ ರೇಖೆ ಸಿಗುತ್ತದೆ. ಒಂದು ಗೋಡೆ ನೇರ, ಇನ್ನೊಂದು ಓರೆ ಇದ್ದರೆ ಆ ಒಂದೂ ಇಲ್ಲ. ರೇಟು ಏರಿಸಲು ಮಾತ್ರ ಬ್ರೋಕರ್‌ಗೆ ಎರಡೂ ಒಂದೇ.

ಬೆಂಗ್ಳೂರು_ಬೇಸತ್ತವ:
ವ್ಯಾಘ್ರಮುಖದಲ್ಲಿ ಅಂಗಡಿ ಹಾಕಿದರೆ ಒಳ್ಳೆಯದು ಅಂತಾರೆ, ಮನೆಗೆ ಆಗುವುದಿಲ್ಲವಂತೆ. ನಮ್ಮ ಅತ್ತೆ ಇದೇ ಕಾರಣಕ್ಕೆ ಒಂದು ಒಳ್ಳೆ ಸೈಟು ಬಿಡಿಸಿದರು.

ಹಾವೇರಿ_ಮೇಷ್ಟ್ರು:
ವಾಸ್ತುವಿಗೆ ಬೇರೆ ಚರ್ಚೆ ತೆರೆಯಿರಿ, ದಯವಿಟ್ಟು. ಇಲ್ಲಿ ಒಂದು ಮಗುವಿನ ಹೋಂವರ್ಕ್ ನಡೆದಿದೆ.

ಹಳೆಗನ್ನಡದ_ಹುಳು:
ಮೇಷ್ಟ್ರೇ, ಸೈಟಿನ ಲೆಕ್ಕವೂ ಇದೇ ವಿಷಯ. ಎದುರು ಬದುರು ಬಾಹುಗಳ ಸರಾಸರಿ ತೆಗೆದು ಗುಣಿಸುವ ಆ ಕ್ರಯಪತ್ರದ ರೀತಿ ಇವತ್ತಿನದಲ್ಲ. ಬ್ರಹ್ಮಗುಪ್ತ 628ರಲ್ಲೇ ಅದನ್ನು ಹೇಳಿ, ಇದು ಸ್ಥೂಲ ಫಲ, ಅಂದರೆ ಅಂದಾಜು ವಿಸ್ತೀರ್ಣ ಮಾತ್ರ ಅಂತಲೂ ಹೇಳಿಬಿಟ್ಟಿದ್ದಾನೆ. ಆಯತಕ್ಕೆ ಬಿಟ್ಟರೆ ಬೇರೆ ಎಲ್ಲದಕ್ಕೂ ಅದು ಜಾಸ್ತಿಯೇ ತೋರಿಸುತ್ತದೆ. ಬಾಡಿಗೆ_ಮನೆಯವರ ಸೈಟಿಗೆ ವ್ಯತ್ಯಾಸ ಒಂದು ಚದರ ಅಡಿಯೂ ಬರಲಿಕ್ಕಿಲ್ಲ. ಆದರೆ ನಾಲ್ಕೂ ಬಾಹು 40 ಇದ್ದು ಒಂದು ಮೂಲೆ 60 ಡಿಗ್ರಿಗೆ ವಾಲಿದ ವಜ್ರಾಕೃತಿ ಸೈಟು ಅಂದುಕೊಳ್ಳಿ. ಸರಾಸರಿ ಲೆಕ್ಕ 1600 ಅನ್ನುತ್ತದೆ. ನೆಲದ ಮೇಲೆ ಇರುವುದು 1386. ಇನ್ನೂರು ಚದರ ಅಡಿಗೂ ಜಾಸ್ತಿ ಗಾಳಿಗೆ ದುಡ್ಡು ಕೊಟ್ಟಂತೆ.

ನಮ್ಮ ಕಡೆಯ ಮಹಾವೀರಾಚಾರ್ಯ ಗೊತ್ತಲ್ಲ, 9ನೇ ಶತಮಾನ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲ. ಅವನು ಗಣಿತಸಾರಸಂಗ್ರಹದಲ್ಲಿ ಚತುರ್ಭುಜಗಳನ್ನು ಐದು ಜಾತಿ ಮಾಡಿದ್ದಾನೆ. ನಾಲ್ಕೂ ಬಾಹು ಸಮ, ಎರಡೆರಡು ಸಮ, ಎರಡು ಸಮ, ಮೂರು ಸಮ, ಎಲ್ಲ ವಿಷಮ. ಅವನ ಕಣ್ಣು ಇದ್ದದ್ದು ಬಾಹುವಿನ ಅಳತೆಯ ಮೇಲೆ. ಎಷ್ಟು ಜೊತೆ ಸಮಾಂತರ ಅನ್ನುವ ಕಾಲಂ ಅವನ ಪಟ್ಟಿಯಲ್ಲಿ ಇಲ್ಲ.

ಬಾಡಿಗೆ_ಮನೆ:
ಹಾಗಾದರೆ ನಾನು ಏನು ಅಳೆಯಬೇಕು?

ಮೂಲೆಮಟ್ಟ:
ನಾಲ್ಕು ಬಾಹು, ಜೊತೆಗೆ ಒಂದು ಕರ್ಣ. ನಾಲ್ಕು ಬಾಹು ಮಾತ್ರ ಗೊತ್ತಿದ್ದರೆ ಸೈಟಿನ ಆಕಾರ ಗೊತ್ತಾಗುವುದಿಲ್ಲ, ಮಂಚದ ಚೌಕಟ್ಟು ಸಡಿಲ ಆದಾಗ ಹೇಗೆ ಬೇಕಾದರೂ ವಾಲುತ್ತದಲ್ಲ. ಕರ್ಣ ಹಿಡಿದರೆ ಎರಡು ತ್ರಿಭುಜ ಆಯಿತು, ತ್ರಿಭುಜ ಅಲ್ಲಾಡುವುದಿಲ್ಲ. ಎರಡರ ವಿಸ್ತೀರ್ಣ ಕೂಡಿ. ಎರಡನೇ ಕರ್ಣವನ್ನೂ ಅಳೆದಿಟ್ಟುಕೊಂಡರೆ ತಾಳೆ ನೋಡಬಹುದು.

ಹಳೆಗನ್ನಡದ_ಹುಳು:
ತ್ರಾಪಿಜ್ಯದ ಮಾತು ಬಂದಿದ್ದಕ್ಕೆ ಇನ್ನೊಂದು ಹೇಳಿಬಿಡುತ್ತೇನೆ. ಯಜ್ಞವೇದಿಯ ಅಳತೆ ಹೇಳುವ ಹಳೆಯ ಶುಲ್ಬಸೂತ್ರಗಳಲ್ಲಿ ಬರುವ ಮಹಾವೇದಿ ಇದೇ ಆಕಾರ. ಪಶ್ಚಿಮದ ಬಾಹು 30, ಪೂರ್ವದ್ದು 24, ಉದ್ದ 36. ಮೊದಲು ಪೂರ್ವ–ಪಶ್ಚಿಮ ಹಗ್ಗ ಎಳೆದು, ಅದರ ಎರಡೂ ಕಡೆಗೆ ಸಮನಾಗಿ 15–15, 12–12 ಅಳೆದು ಮೂಲೆ ಗುರುತು ಮಾಡುತ್ತಾರೆ. ಆ ಮಧ್ಯದ ಹಗ್ಗಕ್ಕೆ ಪೃಷ್ಠ್ಯಾ ಅಂತ ಹೆಸರು. ಅಂದರೆ ಅವರು ಸಮಮಿತಿ ರೇಖೆಯನ್ನೇ ಮೊದಲು ಎಳೆದು ಆಮೇಲೆ ಆಕೃತಿ ಮಾಡುತ್ತಿದ್ದರು, ನಾವು ಆಕೃತಿ ಕೊಟ್ಟು ರೇಖೆ ಹುಡುಕಿಸುತ್ತೇವೆ. ಆ ಸೂತ್ರಕಾರರಲ್ಲಿ ಒಬ್ಬನಾದ ಆಪಸ್ತಂಬ ಅದರ ವಿಸ್ತೀರ್ಣ 972 ಅಂತ ತೋರಿಸುವುದು ಕೂಡ ಚೆನ್ನಾಗಿದೆ. ಒಂದು ಪಕ್ಕದ ಓರೆ ತ್ರಿಭುಜ ಕತ್ತರಿಸಿ, ಮಗುಚಿ ಇನ್ನೊಂದು ಪಕ್ಕಕ್ಕೆ ಸೇರಿಸಿದರೆ 27×36ರ ಆಯತ ಆಗಿಬಿಡುತ್ತದೆ.

ಸುಮ್ನೆ_ಬಂದೆ:
ಅಂದರೆ (30+24)/2. ಕ್ರಯಪತ್ರ ಬರೆಯುವವರು ಆಪಸ್ತಂಬನ ವಂಶಸ್ಥರು.

ಡಾಲಸ್_ಕನ್ನಡಿಗ:
ಒಂದು ತಕರಾರು. ತ್ರಾಪಿಜ್ಯಕ್ಕೆ "ಒಂದೇ ಜೊತೆ ಸಮಾಂತರ ಬಾಹು" ಅಂತ ಮೇಲೆ ಯಾರೋ ಬರೆದಿದ್ದಾರೆ. ಕೆಲವು ಪುಸ್ತಕಗಳಲ್ಲಿ "ಕನಿಷ್ಠ ಒಂದು ಜೊತೆ" ಅಂತಿರುತ್ತದೆ. ಹಾಗಿದ್ದರೆ ಸಮಾಂತರ ಚತುರ್ಭುಜವೂ ತ್ರಾಪಿಜ್ಯ, ಚೌಕವೂ ತ್ರಾಪಿಜ್ಯ. ಇಲ್ಲಿ ಅಮೆರಿಕದಲ್ಲಿ ನನ್ನ ಮಗನ ಕ್ಲಾಸಿನಲ್ಲೂ ಇದೇ ಗಲಾಟೆ ಆಯಿತು.

ಹಾವೇರಿ_ಮೇಷ್ಟ್ರು:
ನಿಜ, ಎರಡೂ ರೀತಿ ಇವೆ. ಯೂಕ್ಲಿಡ್ ಕೂಡ ಚೌಕವನ್ನು ಆಯತದ ಗುಂಪಿನಿಂದ ಹೊರಗೇ ಇಟ್ಟಿದ್ದ. ಈಗ ಗಣಿತದವರು ಒಳಗೆ ಸೇರಿಸಿಕೊಳ್ಳುವುದನ್ನೇ ಇಷ್ಟಪಡುತ್ತಾರೆ, ಯಾಕೆಂದರೆ ದೊಡ್ಡ ಗುಂಪಿಗೆ ಒಂದು ಸಲ ಸಾಧಿಸಿದ್ದು ಒಳಗಿರುವ ಎಲ್ಲಕ್ಕೂ ಸಿಗುತ್ತದೆ. ಪರೀಕ್ಷೆಯಲ್ಲಿ ಮಾತ್ರ ಆ ಕ್ಲಾಸಿನ ಪುಸ್ತಕ ಏನು ಹೇಳುತ್ತದೋ ಅದು.

ಚುಕ್ಕಿ_ರಂಗೋಲಿ:
ಇಷ್ಟು ಹೊತ್ತಾದರೂ ಯಾರೂ ರಂಗೋಲಿಗೆ ಬರಲಿಲ್ಲವಲ್ಲ! ಮಗಳಿಗೆ ಚುಕ್ಕಿ ಇಡಿಸಿ ಅಮ್ಮಾ. 7 ಚುಕ್ಕಿ 7 ಸಾಲು ಇಟ್ಟರೆ ಚೌಕ, ಅದರಲ್ಲಿ 4 ಗೆರೆ. ಮಧ್ಯದಲ್ಲಿ 7, ಆಮೇಲೆ ಎರಡೂ ಕಡೆ ಸಂದಿನಲ್ಲಿ 6, 5, 4 ಅಂತ ಇಳಿಸಿಕೊಂಡು ಬಂದರೆ ಷಡ್ಭುಜ. ಒಟ್ಟು 37 ಚುಕ್ಕಿ. 3 ಜೊತೆ ಸಮಾಂತರ ಬಾಹು, 6 ಸಮಮಿತಿ ರೇಖೆ. ಸಂಕ್ರಾಂತಿಗೆ ನಾನು 15ರಿಂದ 8ರವರೆಗೆ ಇಡುತ್ತೇನೆ, ಅದು 169 ಚುಕ್ಕಿ. ಒಂದು ಹೂವು ಒಂದು ಕಡೆ ಎಡಕ್ಕೆ ತಿರುಗಿದರೆ ಸಾಕು, ಬೀದಿಯಲ್ಲಿ ಹೋಗುವವರಿಗೂ ಕಾಣುತ್ತದೆ.

ಆದರೆ ಒಂದು ಮಾತು. ಎಳೆ ರಂಗೋಲಿ ಕೆಲವು ಸುತ್ತುತ್ತಾ ಹೋಗುತ್ತವಲ್ಲ, ಸ್ವಸ್ತಿಕದ ಹಾಗೆ, ಅವುಗಳಿಗೆ ಕನ್ನಡಿ ಗೆರೆ ಇರುವುದಿಲ್ಲ. ಕಾಲು ಕಾಲು ಸುತ್ತಿಗೆ ಕೂಡುತ್ತವೆ. ಸ್ವಸ್ತಿಕವನ್ನು ಕನ್ನಡಿಯಲ್ಲಿ ನೋಡಿದರೆ ಎಡಮುರಿ ಆಗಿಬಿಡುತ್ತದೆ.

ಗಡಿಬಿಡಿ_ಗೌಡ್ತಿ:
169 ಚುಕ್ಕಿ ಒಂದೇ ಅಂತರಕ್ಕೆ ಬೀಳುವ ಹಾಗೆ ಹೇಗೆ ಇಡುತ್ತೀರಿ ಅಕ್ಕಾ? ನನ್ನದು ಮೂರನೇ ಸಾಲಿಗೇ ಬೀದಿ ಕಡೆ ಓಡುತ್ತದೆ.

ಚುಕ್ಕಿ_ರಂಗೋಲಿ:
ಮಧ್ಯದ ಸಾಲು ಮೊದಲು. ಅದು ನೇರ ಬಂದರೆ ಉಳಿದವು ಬರುತ್ತವೆ. ಮೇಲಿನಿಂದ ಶುರು ಮಾಡುವವರಿಗೆ ಓಡುತ್ತದೆ.

ಕಡಲೂರ_ಲೆಕ್ಕಿಗ:
ಅಮ್ಮನ ಎರಡನೇ ಪ್ರಶ್ನೆಗೆ ಬರೋಣ, ಯಾರೂ ಸರಿಯಾಗಿ ಉತ್ತರಿಸಿಲ್ಲ. ಸಮಾಂತರಕ್ಕೆ ಕನ್ನಡಿ ರೇಖೆಯೊಂದಿಗೆ ಸಂಬಂಧ ಇಲ್ಲ. ನಿಯಮಿತ ಪಂಚಭುಜದಲ್ಲಿ ಸಮಾಂತರ ಬಾಹು ಒಂದು ಜೊತೆಯೂ ಇಲ್ಲ, ರೇಖೆ 5. ಸಮಬಾಹು ತ್ರಿಭುಜಕ್ಕೆ 0 ಜೊತೆ, 3 ರೇಖೆ. ಗಾಳಿಪಟಕ್ಕೆ 0 ಜೊತೆ, 1 ರೇಖೆ. ಸಮಾಂತರ ಚತುರ್ಭುಜಕ್ಕೆ 2 ಜೊತೆ, 0 ರೇಖೆ. ನಿಯಮಿತ ಬಹುಭುಜ ಆದರೆ ಬಾಹು ಎಷ್ಟೋ ರೇಖೆ ಅಷ್ಟು, ಬಾಹುಗಳ ಸಂಖ್ಯೆ ಸಮ ಇದ್ದರೆ ಅದರ ಅರ್ಧದಷ್ಟು ಜೊತೆ ಸಮಾಂತರ, ಬೆಸ ಇದ್ದರೆ ಸೊನ್ನೆ.

ನಿಜವಾದ ಸಂಬಂಧ ಇರುವುದು ಅರ್ಧ ಸುತ್ತಿನೊಂದಿಗೆ. ಒಂದು ಗೆರೆಯನ್ನು ಯಾವುದೇ ಬಿಂದುವಿನ ಸುತ್ತ 180 ಡಿಗ್ರಿ ತಿರುಗಿಸಿದರೆ ಅದು ತನ್ನ ಮೊದಲಿನ ದಿಕ್ಕಿಗೆ ಸಮಾಂತರವಾಗಿಯೇ ಇರುತ್ತದೆ. ಹಾಗಾಗಿ ಅರ್ಧ ಸುತ್ತಿಗೆ ಕೂಡುವ ಯಾವುದೇ ಬಹುಭುಜದಲ್ಲಿ ಪ್ರತಿ ಬಾಹುವಿಗೂ ಎದುರಲ್ಲಿ ಒಂದು ಸಮಾಂತರ ಜೊತೆಗಾರ ಇರಲೇಬೇಕು, ಅಳತೆಯೂ ಸಮ. ಅಪ್ಪನ ಕಣ್ಣಿಗೆ ಸಮತೋಲ ಕಂಡದ್ದು ಇದರಿಂದ.

ತರಲೆ_ತರ್ಕ:
ಅಂದರೆ ಎಲ್ಲ ಬಾಹುಗಳೂ ಜೊತೆ ಜೊತೆಯಾಗಿ ಸಮಾಂತರ ಇದ್ದರೆ ಅರ್ಧ ಸುತ್ತಿಗೆ ಕೂಡುತ್ತದೆ ಅಂತ?

ಕಡಲೂರ_ಲೆಕ್ಕಿಗ:
ನಾಲ್ಕು ಬಾಹು ಇದ್ದರೆ ಹೌದು. ಆರಕ್ಕೆ ಹೋದರೆ ಇಲ್ಲ. 9 ಸೆಂಟಿಮೀಟರ್ ಬಾಹುವಿನ ಸಮಬಾಹು ತ್ರಿಭುಜ ಬರೆಯಿರಿ. ಮೂರೂ ಮೂಲೆಯಿಂದ 2 ಸೆಂಟಿಮೀಟರಿನ ಚಿಕ್ಕ ಸಮಬಾಹು ತ್ರಿಭುಜ ಕತ್ತರಿಸಿ ಹಾಕಿ. ಉಳಿದದ್ದು ಆರು ಬಾಹುಗಳ ಆಕೃತಿ, 5, 2, 5, 2, 5, 2. ಪ್ರತಿ ಕತ್ತರಿಸಿದ ಬಾಹುವೂ ಎದುರಿನ ಬಾಹುವಿಗೆ ಸಮಾಂತರ, ಅಂದರೆ 3 ಜೊತೆ. ಕನ್ನಡಿ ರೇಖೆ 3. ಆದರೆ ಅರ್ಧ ಸುತ್ತು ತಿರುಗಿಸಿದರೆ 5 ಇದ್ದ ಜಾಗಕ್ಕೆ 2 ಬಂದು ಕೂರುತ್ತದೆ. 2ರ ಬದಲು 3 ಸೆಂಟಿಮೀಟರ್ ಕತ್ತರಿಸಿದರೆ ಮಾತ್ರ ನಿಯಮಿತ ಷಡ್ಭುಜ.

ತರಲೆ_ತರ್ಕ:
ಕತ್ತರಿಸಿ ನೋಡಿದೆ. ಕೂಡಲಿಲ್ಲ. ಚೆನ್ನಾಗಿದೆ.

ಮೂಲೆಮಟ್ಟ:
ಲೆಕ್ಕಿಗರೇ, ಎಷ್ಟೇ ಸೊಟ್ಟ ಸೈಟಾದರೂ ನಾಲ್ಕು ಬಾಹುಗಳ ಮಧ್ಯಬಿಂದು ಸೇರಿಸಿದರೆ ಒಳಗೆ ಸಮಾಂತರ ಚತುರ್ಭುಜ ಬರುತ್ತದೆ ಅಂತ ಯಾರೋ ಹೇಳಿದ್ದರು. ನಿಜವಾ?

ಕಡಲೂರ_ಲೆಕ್ಕಿಗ:
ಯಾವಾಗಲೂ ಬರುತ್ತದೆ. ವಾರಿಗ್ನನ್ ಎಂಬ ಫ್ರೆಂಚ್ ಗಣಿತಜ್ಞನ ಪ್ರಮೇಯ, ಅವನು ತೀರಿಕೊಂಡ ಮೇಲೆ 1731ರಲ್ಲಿ ಅಚ್ಚಾಯಿತು. ಕಾರಣ ಸುಲಭ. ಒಳಗಿನ ಪ್ರತಿ ಬಾಹುವೂ ಹೊರಗಿನ ಒಂದು ಕರ್ಣಕ್ಕೆ ಸಮಾಂತರ, ಅದರ ಅರ್ಧದಷ್ಟು ಉದ್ದ. ವಿಸ್ತೀರ್ಣವೂ ಹೊರಗಿನದರ ಸರಿ ಅರ್ಧ. ಹೊರಗೆ ಆಯತ ಇದ್ದರೆ ಒಳಗೆ ವಜ್ರಾಕೃತಿ, ಹೊರಗೆ ವಜ್ರಾಕೃತಿ ಇದ್ದರೆ ಒಳಗೆ ಆಯತ. ಮಗಳಿಗೆ ಸ್ಕೇಲು ಕೊಟ್ಟು ಬರೆಯಲು ಹೇಳಿ, ಪಟ್ಟಿಗಿಂತ ಇದು ಖುಷಿ ಕೊಡುತ್ತದೆ.

ಬೆಂಗ್ಳೂರು_ಬೇಸತ್ತವ:
ಹೋದ ತಿಂಗಳು ಸೋಮನಾಥಪುರಕ್ಕೆ ಹೋಗಿದ್ದೆವು. ಅಲ್ಲಿಯ ಗೈಡು ನಕ್ಷತ್ರದ ಆಕಾರ ನಕ್ಷತ್ರದ ಆಕಾರ ಅಂತ ಹೇಳಿದ್ದೇ ಹೇಳಿದ್ದು. ಸಮಮಿತಿ ನೋಡಬೇಕಾದರೆ ಅಲ್ಲಿಗೆ ಕರೆದುಕೊಂಡು ಹೋಗಿ ಮಗಳನ್ನು.

ಹಳೆಗನ್ನಡದ_ಹುಳು:
1258ರ ದೇವಸ್ಥಾನ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೋ ಪಟ್ಟಿಗೆ ಸೇರಿತು. ಅಲ್ಲಿಯ ಮೂರೂ ವಿಮಾನಗಳ, ಅಂದರೆ ಗೋಪುರ ಸಮೇತ ಗರ್ಭಗುಡಿಗಳ ತಳ 16 ಮೂಲೆಗಳ ನಕ್ಷತ್ರ. ಕಾಗದದ ಮೇಲೆ ಮಾಡಿ ನೋಡಬಹುದು. ಒಂದೇ ಅಳತೆಯ ನಾಲ್ಕು ಚೌಕ ಕತ್ತರಿಸಿ ಒಂದೇ ಕೇಂದ್ರಕ್ಕೆ ಸೂಜಿ ಚುಚ್ಚಿ, ಒಂದೊಂದನ್ನೂ 22.5 ಡಿಗ್ರಿ ತಿರುಗಿಸುತ್ತಾ ಹೋಗಿ. 16 ಮೂಲೆ, 16 ಸಮಮಿತಿ ರೇಖೆ. ಕಲ್ಲಿನಲ್ಲಿ ಮಾತ್ರ ಒಂದು ಕಡೆ ನವರಂಗಕ್ಕೆ, ಅಂದರೆ ಒಳಗಿನ ಮಂಟಪಕ್ಕೆ ಸೇರಿಕೊಳ್ಳುವುದರಿಂದ ನಕ್ಷತ್ರ ಪೂರ್ತಿ ಆಗುವುದಿಲ್ಲ. ಇಡೀ ಗುಡಿಯ ನಕ್ಷೆ ತೆಗೆದುಕೊಂಡರೆ ಪಶ್ಚಿಮದಲ್ಲಿ ಕೇಶವ, ಉತ್ತರಕ್ಕೆ ಜನಾರ್ದನ, ದಕ್ಷಿಣಕ್ಕೆ ವೇಣುಗೋಪಾಲ. ಪೂರ್ವ–ಪಶ್ಚಿಮ ಒಂದೇ ರೇಖೆ ಉಳಿಯುತ್ತದೆ.

ಒತ್ತಕ್ಷರ:
ಕನ್ನಡ ಬಾವುಟಕ್ಕೆ ಎಷ್ಟು ರೇಖೆ? ಮೇಲೆ ಹಳದಿ, ಕೆಳಗೆ ಕೆಂಪು.

ಸುಮ್ನೆ_ಬಂದೆ:
2. ಆಯತ ತಾನೆ.

ಹಾವೇರಿ_ಮೇಷ್ಟ್ರು:
ಬಣ್ಣ ಲೆಕ್ಕಕ್ಕೆ ಹಿಡಿದರೆ 1. ಅಡ್ಡ ಗೆರೆಯ ಮೇಲೆ ಮಡಿಸಿದರೆ ಹಳದಿ ಕೆಂಪಿನ ಮೇಲೆ ಬೀಳುತ್ತದೆ. ರಾಷ್ಟ್ರಧ್ವಜವೂ ಹಾಗೇ. ಚಕ್ರಕ್ಕೆ 24 ಕಡ್ಡಿ ಇದ್ದರೂ ಕೇಸರಿ, ಹಸಿರು ಬೇರೆ ಬೇರೆ ಆದ್ದರಿಂದ ನಿಂತ ಗೆರೆ ಒಂದೇ.

ತರಲೆ_ತರ್ಕ:
ಎಲ್ಲರಿಗೂ ಒಂದು ಸವಾಲು. ಸರಿಯಾಗಿ 3 ಸಮಮಿತಿ ರೇಖೆ ಇರುವ ಚತುರ್ಭುಜ ಬರೆದು ತೋರಿಸಿ. ಒಳಕ್ಕೆ ಚುಚ್ಚಿಕೊಂಡ ಮೂಲೆ ಇದ್ದರೂ ಪರವಾಗಿಲ್ಲ.

ಅಪ್ಪನ_ಪರ_ವಕೀಲ:
ಇದೆ ಅಂತ ಅನಿಸುತ್ತದೆ. ಬಾಣದ ತುದಿ?

ಗಡಿಬಿಡಿ_ಗೌಡ್ತಿ:
ಬಾಣದ ತುದಿಗೆ ಒಂದೇ ಸ್ವಾಮಿ. ಮಡಿಸಿ ನೋಡಿ ಆಮೇಲೆ ಬರೆಯಿರಿ.

ಡಾಲಸ್_ಕನ್ನಡಿಗ:
0, 1, 2, 4 ಸಿಗುತ್ತವೆ. 3 ಸಿಗುತ್ತಿಲ್ಲ. ಯಾಕೆ ಅಂತ ಹೇಳಲು ಬರುತ್ತಿಲ್ಲ.

ಕಡಲೂರ_ಲೆಕ್ಕಿಗ:
3 ಕನ್ನಡಿ ರೇಖೆ ಇದ್ದರೆ ಆಕೃತಿ 120 ಡಿಗ್ರಿ ತಿರುಗಿಸಿದರೂ ಕೂಡಲೇಬೇಕು. ಹಾಗೆ ತಿರುಗಿಸಿದಾಗ ಮೂಲೆಗಳು ಮೂರು ಮೂರರ ಗುಂಪಿನಲ್ಲಿ ಜಾಗ ಬದಲಿಸಿಕೊಳ್ಳುತ್ತವೆ. ನಾಲ್ಕು ಮೂಲೆಯಲ್ಲಿ ಮೂರು ಒಂದು ಗುಂಪಾದರೆ ಒಂದು ಉಳಿಯಿತು. ಅದು ಅಲ್ಲಾಡದೆ ಇರಬೇಕಾದರೆ ನಟ್ಟನಡುವೆ ಕೂರಬೇಕು. ಅಲ್ಲಿಂದ ಎರಡು ಬಾಹು ಹೊರಡುತ್ತವೆ, ಎರಡನ್ನು 120 ಡಿಗ್ರಿ ತಿರುಗಿಸಿದರೆ ಮೂರನೆಯದೂ ಇರಬೇಕಾಗುತ್ತದೆ. ಚತುರ್ಭುಜದಲ್ಲಿ ಒಂದು ಮೂಲೆಗೆ ಎರಡೇ ಬಾಹು. ಹಾಗಾಗಿ ಸಾಧ್ಯವೇ ಇಲ್ಲ. ರೇಖೆ ಇದ್ದರೆ ಅದರ ಸಂಖ್ಯೆ ಬಾಹುಗಳ ಸಂಖ್ಯೆಯನ್ನು ಶೇಷ ಉಳಿಯದಂತೆ ಭಾಗಿಸಲೇಬೇಕು. ಷಡ್ಭುಜಕ್ಕೆ 1, 2, 3, 6 ಇರಬಹುದು, 4 ಅಥವಾ 5 ಇರಲಾರದು. ಪಂಚಭುಜಕ್ಕೆ 1 ಇಲ್ಲವೇ 5.

ಚೌಕಾಬಾರ:
ತಡವಾಗಿ ಬಂದೆ. ನಮ್ಮ ಚೌಕಾಬಾರ ಮನೆ 5×5, ಕಟ್ಟೆ ಮನೆಗಳನ್ನು ಸೇರಿಸಿದರೂ 4 ಸಮಮಿತಿ ರೇಖೆ. ಆದರೆ ಕಾಯಿ ನಡೆಸುವ ದಾರಿ ಹಿಡಿದರೆ? ನಮ್ಮಲ್ಲಿ ಹೊರ ಸುತ್ತು ಎಡಮುರಿಯಾಗಿ, ಒಳ ಸುತ್ತು ಬಲಮುರಿಯಾಗಿ.

ಕಡಲೂರ_ಲೆಕ್ಕಿಗ:
ದಾರಿಗೆ ಬಾಣ ಹಾಕಿದ ಕೂಡಲೇ ಕನ್ನಡಿ ರೇಖೆ ನಾಲ್ಕೂ ಹೋದವು. ಕಾಲು ಸುತ್ತು ಮಾತ್ರ ಉಳಿಯಿತು. ಅಷ್ಟು ಸಾಕು, ನಾಲ್ಕು ಜನ ಎಲ್ಲಿ ಕೂತರೂ ಆಟ ಒಂದೇ ಅನ್ನುವುದಕ್ಕೆ ಬೇಕಾದದ್ದು ಅದೇ.

ಚುಕ್ಕಿ_ರಂಗೋಲಿ:
ನಮ್ಮ ಕಡೆ ಹೊರ ಸುತ್ತೇ ಬಲಮುರಿ.

ಚೌಕಾಬಾರ:
ಹಾಗಿದ್ದರೆ ನೀವು ಆಡುವುದು ನಮ್ಮ ಆಟದ ಕನ್ನಡಿ ಬಿಂಬ. ಕವಡೆನಾ, ಹುಣಸೆ ಬೀಜನಾ?

ಚುಕ್ಕಿ_ರಂಗೋಲಿ:
ಹುಣಸೆ ಬೀಜ. ಒಂದು ಕಡೆ ತೇಯ್ದದ್ದು.